ಬೆಳೆಗೆ ಸಂಗೀತ ಕೇಳಿಸಿದರೆ ಇಳುವರಿ ಹೆಚ್ಚುತ್ತದೆಯೇ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಸಭೆಯಲ್ಲಿ ನಮ್ಮೂರ ಪ್ರೌಢಶಾಲೆಯ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ಮುರಿಯದೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಅದರ ವಿಚಾರವಾಗಿ ನನಗಿಂತ ಮುಂಚೆ ಮಾತಾಡಿದವರು ಬೇಕಾದಷ್ಟು ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಕಾರ್ಯದರ್ಶಿಗಳು ನನಗೆ ಬೇರೆಯೇ ಒಂದು ಕೆಲಸ ಒಪ್ಪಿಸಿದ್ದಾರೆ.

ಕಳೆದ ಹಂಗಾಮಿನಲ್ಲಿ ಒಬ್ಬ ಮಾರಾಟಗಾರರು ನಮ್ಮ ಕಡೆಗೆ ಬಂದು, ಹೊಲಕ್ಕೆ ಸಂಗೀತ ಕೇಳಿಸುವ ಪೆಟ್ಟಿಗೆ ಅಂತ ಒಂದನ್ನು ತೋರಿಸಿ ಹೋದರು. ನೀವೂ ನೋಡಿದ್ದೀರಿ. ಮೇಲೆ ಸೋಲಾರ್ ಫಲಕ, ಒಳಗೆ ಬ್ಯಾಟರಿ, ಎರಡು ಸ್ಪೀಕರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅದರಲ್ಲಿ ವೀಣೆ, ಕೊಳಲು ನುಡಿಯುತ್ತದೆ. ಕೇಳಿದ ಟೊಮೇಟೊ, ಬದನೆ ಒಂದೂವರೆ ಪಟ್ಟು ಕಾಯಿ ಬಿಡುತ್ತೆ ಅಂತ ಅವರ ಮಾತು. ಬೆಲೆ ಮಾತ್ರ ಒಂದು ಒಳ್ಳೆ ಕರಾವಿನ ಹಸುವಿನಷ್ಟು. ನಮ್ಮ ಸದಸ್ಯರಲ್ಲಿ ಕೆಲವರು ಇದಕ್ಕೆ ಸಂಘದಿಂದ ಸಾಲ ಕೊಡಿ ಅಂತ ಅರ್ಜಿ ಹಾಕಿದ್ದಾರೆ. ಒಬ್ಬರು ಮುಂಗಡವನ್ನೂ ಕೊಟ್ಟಾಗಿದೆ. ಸಾಲದ ಹಣ ಅಂದರೆ ನಮ್ಮ ನಿಮ್ಮೆಲ್ಲರ ಠೇವಣಿ ಹಣ. ಆದ್ದರಿಂದ ಮಂಡಳಿಯವರು ತೀರ್ಮಾನ ಮಾಡುವ ಮುಂಚೆ, ಇದರಲ್ಲಿ ವಿಜ್ಞಾನ ಎಷ್ಟು, ಮಾತು ಎಷ್ಟು ಅಂತ ಹೇಳಿ ಎಂದು ಕೇಳಿದ್ದಾರೆ.

ಮೊದಲಿಗೇ ಒಂದು ಮಾತು. ಅರ್ಜಿ ಹಾಕಿದವರನ್ನು ನೋಡಿ ಯಾರೂ ನಗಬೇಡಿ. ಈ ಪ್ರಶ್ನೆಯನ್ನು ಬಹಳ ದೊಡ್ಡವರು ಕೇಳಿದ್ದಾರೆ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಅವರ ಹೆಸರು ಶಾಲೆಯಲ್ಲಿ ಕೇಳಿದ್ದೀರಿ. ಅವರು 1881ರಲ್ಲಿ ಎರೆಹುಳುವಿನ ಮೇಲೆ ಒಂದು ಪುಸ್ತಕ ಬರೆದರು. ಹುಳುಗಳಿದ್ದ ಕುಂಡದ ಹತ್ತಿರ ಸೀಟಿ ಊದಿಸಿದರು, ದೊಡ್ಡ ಓಲಗದಂಥ ಒಂದು ವಾದ್ಯ ನುಡಿಸಿದರು, ಪಿಯಾನೋ ಬಾರಿಸಿದರು, ಕೂಗಿ ನೋಡಿದರು. ಹುಳುಗಳು ಕ್ಯಾರೇ ಅನ್ನಲಿಲ್ಲ. ಅದೇ ಕುಂಡವನ್ನು ಎತ್ತಿ ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ಸರಕ್ಕನೆ ಬಿಲದೊಳಗೆ ಸೇರಿಕೊಂಡವು. ಅಂದರೆ ಗಾಳಿಯಲ್ಲಿ ಬಂದ ಶಬ್ದ ಅವಕ್ಕೆ ತಾಗಲಿಲ್ಲ; ಮರದಿಂದ ಕುಂಡಕ್ಕೆ, ಕುಂಡದಿಂದ ಮಣ್ಣಿಗೆ ಇಳಿದ ನಡುಕ ತಾಗಿತು. ಇದನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೆಟ್ಟಿಗೆಯ ಜೊತೆ ಹಂಚಿದ ಕರಪತ್ರವನ್ನು ನಾನು ಓದಿದೆ. ಅದರಲ್ಲಿ ನಮ್ಮ ಜಗದೀಶಚಂದ್ರ ಬೋಸರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಬೋಸರು ಗಿಡಗಳಿಗೆ ಸ್ಪಂದನ ಇದೆ ಅಂತ ತೋರಿಸಿದವರು, ನಿಜ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳವಣಿಗೆಯನ್ನು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರ ಮಾಡಿದವರು. ಆದರೆ ಅವರಿಗೆ ಹೆಸರು ತಂದ ಪ್ರಯೋಗಗಳು ಮುಟ್ಟುವುದು, ಬಿಸಿ, ವಿದ್ಯುತ್ತು, ವಿಷ, ಔಷಧಿ, ಇಂಥವುಗಳ ಮೇಲೆ. ಅವರ ಹೆಸರನ್ನು ವೀಣೆಯ ಪೆಟ್ಟಿಗೆಗೆ ಸಾಕ್ಷಿ ಹಾಕುವುದು ನ್ಯಾಯವಲ್ಲ.

ಸಂಗೀತದ ಪ್ರಯೋಗ ನಿಜಕ್ಕೂ ನಡೆದದ್ದು ನಮ್ಮ ಪಕ್ಕದಲ್ಲೇ, ತಮಿಳುನಾಡಿನ ಚಿದಂಬರದ ಹತ್ತಿರ ಇರುವ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಟಿ.ಸಿ.ಎನ್. ಸಿಂಗ್ ಎಂಬ ಪ್ರಾಧ್ಯಾಪಕರು 1950ರ ದಶಕದಿಂದ ಇದನ್ನು ಕೈಗೆತ್ತಿಕೊಂಡರು. ಮೊದಲು ನೀರಿನೊಳಗೆ ಬೆಳೆಯುವ ಹೈಡ್ರಿಲ್ಲಾ ಎಂಬ ಜೊಂಡಿನ ಮೇಲೆ ಶ್ರುತಿಕವೆ, ಪಿಟೀಲು ಇವುಗಳ ಪರೀಕ್ಷೆ. ಆಮೇಲೆ ಕರ್ಣಕುಂಡಲದ ಗಿಡಗಳಿಗೆ ಸಂಗೀತ ವಿಭಾಗದ ವಿದ್ವಾಂಸರೊಬ್ಬರಿಂದ ದಿನಾ 25 ನಿಮಿಷ ಖರಹರಪ್ರಿಯ ರಾಗವನ್ನು ವೀಣೆಯಲ್ಲಿ ನುಡಿಸಿದರಂತೆ. ಕೇಳಿದ ಗಿಡಗಳು ಕೇಳದವುಗಳಿಗಿಂತ ನೂರಕ್ಕೆ 20ರಷ್ಟು ಎತ್ತರ, ಎಲೆಗಳ ಲೆಕ್ಕದಲ್ಲಿ ನೂರಕ್ಕೆ 72ರಷ್ಟು ಹೆಚ್ಚು. ಅಲ್ಲಿಗೇ ಬಿಡಲಿಲ್ಲ. 1960ರಿಂದ 1963ರವರೆಗೆ ಮದರಾಸು ರಾಜ್ಯ ಮತ್ತು ಪಾಂಡಿಚೇರಿಯ ಏಳು ಹಳ್ಳಿಗಳ ಗದ್ದೆಗಳಲ್ಲಿ ಧ್ವನಿವರ್ಧಕ ಕಟ್ಟಿ ಭತ್ತದ ಪೈರಿಗೆ ಚಾರುಕೇಶಿ ರಾಗದ ಗ್ರಾಮಫೋನ್ ತಟ್ಟೆ ಹಾಕಿಸಿದರು. ಇಳುವರಿ ನೂರಕ್ಕೆ 25ರಿಂದ 60ರವರೆಗೆ ಹೆಚ್ಚಿತು ಅಂತ 1973ರಲ್ಲಿ ಅಮೆರಿಕದಲ್ಲಿ ಅಚ್ಚಾದ 'ದಿ ಸೀಕ್ರೆಟ್ ಲೈಫ್ ಆಫ್ ಪ್ಲಾಂಟ್ಸ್' ಎಂಬ ಪುಸ್ತಕ ಹೇಳಿತು. ಆ ಪುಸ್ತಕ ಲೋಕವೆಲ್ಲ ಓಡಾಡಿತು. ನಮ್ಮ ಕರಪತ್ರದವರಿಗೂ ಅಂಕಿಗಳು ಸಿಕ್ಕಿದ್ದು ಅಲ್ಲಿಂದಲೇ.

ಭತ್ತದ ಅಂಕಿಯನ್ನು ಸ್ವಲ್ಪ ತಿರುಗಿಸಿ ನೋಡಿ. ಹೆಚ್ಚು ಅಂದರೆ ಯಾವುದಕ್ಕಿಂತ ಹೆಚ್ಚು? ಆ ಪುಸ್ತಕದಲ್ಲೇ ಇದೆ, ಆ ಪ್ರದೇಶದ ಸರಾಸರಿಗಿಂತ ಹೆಚ್ಚು ಅಂತ. ಪಕ್ಕದ ಗದ್ದೆಗಿಂತ ಅಂತಲ್ಲ. ನಮ್ಮ ಕೆರೆ ಕೆಳಗಿನ ಎರೆಮಣ್ಣಿನ ಗದ್ದೆಯನ್ನು ತಾಲ್ಲೂಕಿನ ಸರಾಸರಿಗೆ ಹೋಲಿಸಿದರೆ, ಯಾವ ರಾಗವೂ ಇಲ್ಲದೆ ಅದು ಹೆಚ್ಚೇ ಬರುತ್ತೆ. ಜೊತೆಗೆ, ವಿಶ್ವವಿದ್ಯಾಲಯದವರು ಧ್ವನಿವರ್ಧಕ ಕಟ್ಟಿಸಿ ದಿನಾ ಬಂದು ನೋಡುವ ಗದ್ದೆಯ ಯಜಮಾನ ಹೇಗಿರುತ್ತಾನೆ ಹೇಳಿ? ಕಳೆ ತೆಗೆಸುವುದು ತಡ ಮಾಡುತ್ತಾನೆಯೇ? ನೀರು ಕಟ್ಟುವುದು ಮರೆಯುತ್ತಾನೆಯೇ? ನಾಲ್ಕು ಜನ ನೋಡುವ ಹೊಲಕ್ಕೆ ನಾವೇ ಒಂದು ಕುಕ್ಕೆ ಗೊಬ್ಬರ ಹೆಚ್ಚು ಹಾಕ್ತೀವಿ. ಸಿಂಗ್ ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರು ಶ್ರದ್ಧೆಯಿಂದಲೇ ಮಾಡಿದ್ದಾರೆ. ಹೆಚ್ಚಿದ ಇಳುವರಿ ರಾಗದ್ದೋ, ರೈತನ ಕೈಯದ್ದೋ ಅಂತ ಬಿಡಿಸಿ ಹೇಳಲು ಆ ಲೆಕ್ಕ ಸಾಲದು, ಅಷ್ಟೆ.

ಬಿಡಿಸಿ ನೋಡಿದವರೂ ಇದ್ದಾರೆ. ನ್ಯೂಯಾರ್ಕಿನ ಸಸ್ಯೋದ್ಯಾನದಲ್ಲಿ ರಿಚರ್ಡ್ ಕ್ಲೈನ್ ಮತ್ತು ಪಮೇಲಾ ಎಡ್ಸಲ್ ಎಂಬ ಇಬ್ಬರು ಚೆಂಡುಹೂವಿನ ಗಿಡಗಳನ್ನು ಒಂದೇ ಬೆಳಕು, ಒಂದೇ ನೀರಿನಲ್ಲಿ ಬೆಳೆಸಿ, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಸಂಗೀತ ಕೇಳಿಸಿದರು. ಚರ್ಚಿನ ಹಾಡು, ಮೊಜಾರ್ಟ್, ಜಾಜ್, ಬೀಟಲ್ಸ್ ಎಲ್ಲವೂ ಇತ್ತು. ಎತ್ತರ, ಎಲೆ, ಹೂವು ಅಳೆದರು. ಏನೂ ವ್ಯತ್ಯಾಸ ಕಾಣಲಿಲ್ಲ ಅಂತ 1965ರಲ್ಲಿ ಪ್ರಕಟಿಸಿದರು. ಬೀಟಲ್ಸ್ ಹಾಡಿನಿಂದ ಎಲೆಯೇನೂ ಉದುರಲಿಲ್ಲ ಅಂತ ತಮಾಷೆಗೆ ಒಂದು ಮಾತನ್ನೂ ಸೇರಿಸಿದರು. ಆದರೆ ಏನೂ ಆಗಲಿಲ್ಲ ಎಂಬ ಸುದ್ದಿಗೆ ಗಿರಾಕಿ ಇಲ್ಲ ನೋಡಿ. ಎಂಟು ವರ್ಷದ ಮೇಲೆ ಬಂದ ವೀಣೆಯ ಕಥೆ ಊರೂರು ತಿರುಗಿತು, ಚೆಂಡುಹೂವಿನ ಕಥೆ ಗ್ರಂಥಾಲಯದಲ್ಲೇ ಉಳಿಯಿತು.

ಹಾಗಾದರೆ ನಮ್ಮ ಹಿರಿಯರು ನಾಟಿ ಮಾಡುವಾಗ, ಕೂರಿಗೆ ಹೊಡೆಯುವಾಗ ಹಾಡುತ್ತಿದ್ದರಲ್ಲ, ಅದು ಸುಮ್ಮನೆಯೇ ಅಂತ ಇಲ್ಲಿ ಕೂತಿರುವ ಅಜ್ಜಿಯೊಬ್ಬರು ಆಗಲೇ ನನ್ನನ್ನು ಕೇಳಿದರು. ಸುಮ್ಮನೆಯಲ್ಲ ಅಜ್ಜಿ. ಬೆಳಿಗ್ಗೆಯಿಂದ ಸೊಂಟ ಬಗ್ಗಿಸಿ ಕೆಸರಿನಲ್ಲಿ ನಿಂತ ಇಪ್ಪತ್ತು ಹೆಂಗಸರ ಕೈ ಒಂದೇ ಸಮ ಆಡಬೇಕಾದರೆ, ಸಾಲು ಸೊಟ್ಟ ಆಗದೆ ಇರಬೇಕಾದರೆ ಹಾಡು ಬೇಕು. ಆ ಹಾಡು ನಾಟಿ ಮಾಡುವವರಿಗೆ; ಅವರ ಮೂಲಕ ಪೈರಿಗೆ. ಈಗ ನಾಟಿಗೆ ಬರುವವರು ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಬರುತ್ತಾರೆ. ಅದೂ ಆಗಬಹುದು, ತಪ್ಪೇನಿಲ್ಲ.

ಇನ್ನು ಇನ್ನೊಂದು ಕಡೆ ನೋಡೋಣ. ಗಿಡಕ್ಕೆ ನಡುಕ ಗೊತ್ತೇ ಆಗುವುದಿಲ್ಲ ಅಂತ ತಿಳಿಯಬೇಡಿ. ಗಾಳಿಗೆ ದಿನಾ ಅಲುಗಾಡುವ ಗಿಡ ಗಿಡ್ಡಗೆ, ದಪ್ಪಗೆ, ಗಟ್ಟಿಯಾಗಿ ಬೆಳೆಯುತ್ತೆ. ಮನೆಯೊಳಗೆ ಇಟ್ಟದ್ದು ಉದ್ದಕ್ಕೆ ಸೊರಗುತ್ತೆ. ಜಪಾನಿನಲ್ಲಿ ಗೋಧಿ, ಬಾರ್ಲಿಯ ಎಳೆ ಪೈರನ್ನು ಚಳಿಗಾಲದಲ್ಲಿ ಕಾಲಿನಿಂದ ತುಳಿಯುವ ಪದ್ಧತಿ ಇದೆ. ಅಷ್ಟು ದೂರ ಯಾಕೆ, ನಮ್ಮ ಹಾವೇರಿ ಕಡೆ ಗುಳಿ ರಾಗಿ ಮಾಡುವವರು ಎಳೆ ಪೈರಿನ ಮೇಲೆ ಕೊರಡು ಎಳೆದು ಬಗ್ಗಿಸುತ್ತಾರೆ. ಬಗ್ಗಿದ ಪೈರು ಹೆಚ್ಚು ತೆಂಡೆ ಒಡೆಯುತ್ತೆ. ಇದು ರೈತರೇ ಕಂಡುಕೊಂಡ ವಿದ್ಯೆ, ಯಾವ ಪೆಟ್ಟಿಗೆಯೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಶಬ್ದದ ಮೇಲೆಯೂ ಗಟ್ಟಿ ಕೆಲಸ ನಡೆದಿದೆ. 2014ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಸಾಸಿವೆ ಕುಟುಂಬದ ಒಂದು ಕಿರುಗಿಡವನ್ನು ತೆಗೆದುಕೊಂಡರು. ಎಲೆಕೋಸಿನ ಕಂಬಳಿಹುಳು ಎಲೆ ಮೇಯುವಾಗ ಎಲೆಯಲ್ಲಿ ಆಗುವ ಸಣ್ಣ ನಡುಕವನ್ನು ಅಳೆದು, ಹುಳುವೇ ಇಲ್ಲದ ಗಿಡದ ಎಲೆಗೆ ಆ ನಡುಕವನ್ನು ಮಾತ್ರ ಕೊಟ್ಟರು. ಆಮೇಲೆ ನಿಜವಾದ ಹುಳು ಬಿಟ್ಟಾಗ ಆ ಗಿಡ ತನ್ನ ಘಾಟು ಎಣ್ಣೆಯನ್ನು ಹೆಚ್ಚು ತಯಾರಿಸಿತು. ಗಾಳಿಯ ನಡುಕ ಕೊಟ್ಟ ಗಿಡ ಹಾಗೆ ಮಾಡಲಿಲ್ಲ. 2019ರಲ್ಲಿ ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಲೀಲಾಖ್ ಹದಾನಿ ಮತ್ತು ಅವರ ಜೊತೆಗಾರರು ಸಮುದ್ರತೀರದ ಒಂದು ಹಳದಿ ಹೂವಿಗೆ ಜೇನಿನ ರೆಕ್ಕೆಯ ಸದ್ದು ಕೇಳಿಸಿದರೆ ಮೂರೇ ನಿಮಿಷದಲ್ಲಿ ಅದರ ಮಕರಂದದ ಸಿಹಿ ಹೆಚ್ಚುತ್ತದೆ ಅಂತ ತೋರಿಸಿದರು. ಅದೇ ತಂಡ 2023ರಲ್ಲಿ ಇನ್ನೊಂದು ಸೋಜಿಗ ಹೇಳಿತು: ನೀರಿಲ್ಲದೆ ಬಾಡುವ ಟೊಮೇಟೊ ಗಿಡ ಗಂಟೆಗೆ 30ರಿಂದ 50 ಸಲ ಟಿಕ್ ಟಿಕ್ ಅನ್ನುತ್ತೆ. ನೀರು ಕುಡಿದ ಗಿಡದಿಂದ ಗಂಟೆಗೆ ಒಂದು ಸದ್ದೂ ಸರಿಯಾಗಿ ಬರುವುದಿಲ್ಲ. ನಮ್ಮ ಕಿವಿಗೆ ಎಟುಕದಷ್ಟು ಕೀರಲಾದ ಸದ್ದು ಅದು. ಗಿಡ ಅಳುತ್ತೆ ಅಂತ ಪತ್ರಿಕೆಯವರು ಬರೆದರು. ಅಳುವಲ್ಲ; ನೀರು ಏರುವ ನಾಳದಲ್ಲಿ ಗಾಳಿಗುಳ್ಳೆ ಎದ್ದು ಒಡೆಯುವ ಸದ್ದು ಇರಬೇಕು ಅಂತ ಅವರ ಅಭಿಪ್ರಾಯ. ಹೇಗೂ ಇರಲಿ, ಗಿಡ ಬಾಡಿದ್ದನ್ನು ತಿಳಿಯಲು ನಮಗೆ ಎಲೆಯ ಮುಖ ನೋಡಿದರೆ ಸಾಕು.

ಚೀನಾದಲ್ಲಿ ಹೊಲಕ್ಕೆ ಧ್ವನಿ ಕೊಡುವ ಯಂತ್ರಗಳನ್ನು ಮಾಡಿ ತರಕಾರಿಯ ಇಳುವರಿ ಹೆಚ್ಚಿತು ಅಂತ ಕೆಲವು ವರದಿಗಳನ್ನು ಬರೆದಿದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಬೇಸಾಯ ಶಿಫಾರಸಿನ ಪುಸ್ತಕದಲ್ಲಿ ಬಿತ್ತನೆ ಬೀಜ, ಗೊಬ್ಬರ, ಅಂತರ ಎಲ್ಲ ಇದೆ, ಸಂಗೀತ ಇಲ್ಲ. ಮೇಲೆ ಹೇಳಿದ ಪ್ರಯೋಗಗಳಲ್ಲೂ ಕೆಲಸ ಮಾಡಿದ್ದು ಕಲ್ಯಾಣಿಯಲ್ಲ, ಮೋಹನವಲ್ಲ. ಹುಳು ಕಡಿಯುವ ಸದ್ದು, ಜೇನು ಹಾರುವ ಸದ್ದು. ಗಿಡದ ಬಾಳಿಗೆ ಸಂಬಂಧಪಟ್ಟ ಸದ್ದು.

ಈಗ ನಮ್ಮ ಊರಿಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಶಬ್ದದಿಂದ ಕಾಯಿ ಕಟ್ಟುವ ಬೆಳೆ ನಮ್ಮ ಹೊಲದಲ್ಲೇ ಇದೆ. ಅದೂ ಕರಪತ್ರದಲ್ಲಿ ಹೇಳಿದ ಬೆಳೆಗಳೇ, ಬದನೆ ಮತ್ತು ಟೊಮೇಟೊ. ಇಲ್ಲಿ ನೋಡಿ, ಬೆಳಿಗ್ಗೆ ಕಿತ್ತು ತಂದ ಟೊಮೇಟೊ ಹೂವಿನ ಗೊಂಚಲು. ಇದು ಶಾಲೆಯಿಂದ ಕೇಳಿ ತಂದ ಶ್ರುತಿಕವೆ. ಹೂವಿನ ಕೆಳಗೆ ಕರಿ ಸ್ಲೇಟು ಹಿಡಿಯಲು ಒಬ್ಬ ಹುಡುಗ ಬರಲಿ.

(ಇಲ್ಲಿ ಭಾಷಣಕಾರರು ಶ್ರುತಿಕವೆಯನ್ನು ತಟ್ಟಿ ಮೊದಲು ಹೂವಿನ ಪಕ್ಕದಲ್ಲಿ ಹಿಡಿದು ತೋರಿಸಿದರು. ಸ್ಲೇಟಿನ ಮೇಲೆ ಏನೂ ಬೀಳಲಿಲ್ಲ. ಮತ್ತೆ ತಟ್ಟಿ ಹೂವಿನ ತೊಟ್ಟಿಗೆ ಮುಟ್ಟಿಸಿದಾಗ ಸ್ಲೇಟಿನ ಮೇಲೆ ಬಿಳಿ ಪುಡಿ ಉದುರಿತು.)

ಹಿಂದೆ ಇರುವವರು ಆಮೇಲೆ ಬಂದು ನೋಡಿ. ಸೆಕೆಂಡಿಗೆ 512 ಸಲ ನಡುಗುವ ಕವೆ ಇದು. ಪಕ್ಕದಲ್ಲಿ ಹಿಡಿದಾಗ ನಿಮಗೆಲ್ಲ ಸದ್ದು ಕೇಳಿತು, ಹೂವು ಕೇಳಲಿಲ್ಲ. ಮುಟ್ಟಿಸಿದ ಕೂಡಲೇ ಪರಾಗ ಉದುರಿತು. ಡಾರ್ವಿನ್ನರ ಎರೆಹುಳು ಕುಂಡ ನೆನಪಾಯಿತೇ?

ಬೇರೆ ಹೂಗಳಲ್ಲಿ ಪರಾಗದ ಚೀಲ ಉದ್ದಕ್ಕೆ ಸೀಳಿ ಪುಡಿ ಹೊರಗೇ ನಿಂತಿರುತ್ತೆ. ಬದನೆಯಲ್ಲಿ ಹಾಗಲ್ಲ. ಚೀಲದ ತುದಿಯಲ್ಲಿ ಸೂಜಿಮೊನೆಯಂಥ ತೂತು, ಉಪ್ಪಿನ ಡಬ್ಬಿ ಇದ್ದ ಹಾಗೆ. ಕುಲುಕಿದರೆ ಮಾತ್ರ ಉದುರುತ್ತೆ. ಟೊಮೇಟೊದಲ್ಲೂ ಚೀಲಗಳೆಲ್ಲ ಸೇರಿ ಒಂದು ಕೊಳವೆಯಂತಾಗಿ ಪುಡಿ ಒಳಗೇ ಇರುತ್ತೆ. ಇದನ್ನು ಕುಲುಕುವವರು ಯಾರು? ಬಯಲಿನಲ್ಲಿ ಟೊಮೇಟೊಗೆ ಗಾಳಿಯೇ ಬಹಳಷ್ಟು ಕೆಲಸ ಮಾಡುತ್ತೆ. ಬದನೆಗೆ ಬೇಕಾದದ್ದು ದುಂಬಿ. ನಮ್ಮ ಬಡಗಿ ದುಂಬಿ, ಮನೆಯ ಗಳು ಕೊರೆಯುತ್ತದಲ್ಲ, ಅದೇ ಕರಿ ದುಂಬಿ. ಹಾಗೆಯೇ ಮಣ್ಣಿನ ಗೋಡೆಯಲ್ಲಿ ಗೂಡು ಮಾಡುವ ನೀಲಿ ಪಟ್ಟೆಯ ಒಂದು ಒಂಟಿ ಜೇನು. ಇವು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಹಾರುವ ಸ್ನಾಯುಗಳನ್ನು ಮಾತ್ರ ನಡುಗಿಸುತ್ತವೆ. ಹಾರುವಾಗ ಗುಂಯ್ ಅನ್ನುವ ಸದ್ದು ಹೂವಿನ ಮೇಲೆ ಕೂತಾಗ ಇದ್ದಕ್ಕಿದ್ದಂತೆ ಚೂಪಾಗುತ್ತೆ. ಬೆಳಗಿನ ಹೊತ್ತು ಬದನೆ ಹೊಲದಲ್ಲಿ ಸುಮ್ಮನೆ ಹತ್ತು ನಿಮಿಷ ನಿಂತರೆ ಕಿವಿಗೆ ಬೀಳುತ್ತೆ. ಆ ಸದ್ದಿಗೆ ಪುಡಿ ಉದುರಿ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತೆ. ತುಡುವೆ, ಹೆಜ್ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಪೆಟ್ಟಿಗೆ ಜೇನು ಇಟ್ಟು ಬದನೆಗೆ ಸಾಕು ಅಂತ ಕೂರಬೇಡಿ. ಒಂದು ಮಾತು, ಬದನೆಯಲ್ಲಿ ಶಲಾಕೆ ಗಿಡ್ಡ ಇರುವ ಹೂವು ಹೇಗೂ ಉದುರುತ್ತೆ. ಅದಕ್ಕೆ ದುಂಬಿಯನ್ನು ಬೈದು ಫಲವಿಲ್ಲ.

ಯೂರೋಪಿನ ಗಾಜಿನ ಮನೆಗಳಲ್ಲಿ ಗಾಳಿ ಇಲ್ಲ, ದುಂಬಿ ಇಲ್ಲ. ಅಲ್ಲಿ 1980ರ ದಶಕದವರೆಗೂ ಕೂಲಿಯಾಳುಗಳು ವಿದ್ಯುತ್ತಿನಿಂದ ನಡುಗುವ ಕಡ್ಡಿ ಹಿಡಿದು ಟೊಮೇಟೊ ಹೂಗೊಂಚಲುಗಳನ್ನು ಅಲುಗಿಸುತ್ತಾ ಹೋಗುತ್ತಿದ್ದರು. ಆ ದಶಕದ ಕೊನೆಗೆ ಬೆಲ್ಜಿಯಂ, ಹಾಲೆಂಡಿನವರು ಬಂಬಲ್ ಎಂಬ ಜಾತಿಯ ದುಂಬಿಯನ್ನು ಸಾಕಿ ಗೂಡಿನ ಸಮೇತ ಮಾರಲು ಶುರು ಮಾಡಿದರು. ಕಡ್ಡಿ ಮೂಲೆ ಸೇರಿತು. ದುಡ್ಡು ಕೊಟ್ಟು ಅವರು ತರಿಸುವ ಕೆಲಸಗಾರ ನಮ್ಮ ಬದುವಿನ ಮೇಲೆ ಬಿಟ್ಟಿ ಇದ್ದಾನೆ.

ನಾವು ಅವನಿಗೆ ಏನು ಮಾಡುತ್ತಿದ್ದೇವೆ? ಬೆಳಿಗ್ಗೆ ಏಳು ಎಂಟು ಗಂಟೆಗೆ, ಅದು ಹೂವಿಗೆ ಬರುವ ಹೊತ್ತಿಗೆ ಸರಿಯಾಗಿ, ಪಂಪು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುತ್ತೇವೆ. ಕಾಯಿಕೊರಕಕ್ಕೆ ಅಂತ ಹೊಡೆದದ್ದು ಕಾಯಿ ಕಟ್ಟಿಸುವವನನ್ನೇ ಕೊಲ್ಲುತ್ತೆ. ಹೊಡೆಯಲೇಬೇಕಾದರೆ ಸಂಜೆ ಇಳಿಹೊತ್ತಿನಲ್ಲಿ ಹೊಡೆಯಿರಿ. ಗಳು ಕೊರೆಯುತ್ತದೆ ಅಂತ ದುಂಬಿ ಗೂಡಿಗೆ ಸೀಮೆಎಣ್ಣೆ ಬಿಡುವವರಿದ್ದೀರಿ. ಮನೆಯ ತೊಲೆ ಉಳಿಸಿಕೊಳ್ಳಿ, ಬೇಡ ಅನ್ನೋದಿಲ್ಲ. ಆದರೆ ಹೊಲದ ಮೂಲೆಯಲ್ಲಿ ನಾಲ್ಕು ಒಣ ಬಿದಿರು, ಒಂದು ಹಳೇ ಕೊರಡು ಬಿಡಿ, ಸೌದೆಗೆ ಒಯ್ಯಬೇಡಿ. ಬದುವಿನ ಮೇಲೆ ತೊಗರಿ, ಸಣಬು ಹಾಕಿ. ತಂಗಡಿ ಗಿಡವನ್ನು ಬುಡಸಮೇತ ಕೀಳಬೇಡಿ, ಅದರ ಹೂವೂ ಇದೇ ಜಾತಿ, ಕುಲುಕಿದರೆ ಉದುರುವಂಥದ್ದು. ಹಸಿರುಮನೆ ಹಾಕಿದವರು ಬಿಸಿಲೇರಿದ ಮೇಲೆ, ಹತ್ತರಿಂದ ಹನ್ನೆರಡರೊಳಗೆ, ಗಿಡ ಕಟ್ಟಿದ ತಂತಿಯನ್ನು ಕೋಲಿನಿಂದ ಮೆಲ್ಲಗೆ ತಟ್ಟಿಕೊಂಡು ಬನ್ನಿ. ಸಂಗೀತ ಬೇಕಾದರೆ ನೀವೇ ಹಾಡಿಕೊಳ್ಳಿ.

ಸಾಲದ ವಿಚಾರ. ಮಂಡಳಿಗೆ ನನ್ನ ಸಲಹೆ ಇಷ್ಟು: ಈ ಪೆಟ್ಟಿಗೆಗೆ ಈಗ ಸಾಲ ಬೇಡ. ಮುಂಗಡ ಕೊಟ್ಟ ಸದಸ್ಯರು ಮನಸ್ಸಿಗೆ ಬೇಸರ ಮಾಡಿಕೊಳ್ಳಬಾರದು. ಅವರ ಪೆಟ್ಟಿಗೆ ಬಂದರೆ ನಾವೆಲ್ಲ ಸೇರಿ ಪರೀಕ್ಷೆ ಮಾಡೋಣ. ಒಂದೇ ತಳಿ, ಒಂದೇ ದಿನ ನಾಟಿ, ಒಂದೇ ಗೊಬ್ಬರ. ಒಂದೇ ಕಡೆ ಎರಡು ತುಂಡು ಮಾಡಿದರೆ ಸಾಲದು, ಸದ್ದು ಪಕ್ಕಕ್ಕೂ ಹೋಗುತ್ತೆ. ಊರಿನ ನಾಲ್ಕು ದಿಕ್ಕಿನಲ್ಲಿ, ಒಂದಕ್ಕೊಂದು ದೂರವಾಗಿ ಎಂಟು ತಾಕು ಆರಿಸಿ, ಯಾವುದಕ್ಕೆ ಸಂಗೀತ ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಒಳ್ಳೆ ಮಣ್ಣಿರುವ ಕಡೆಗೇ ಪೆಟ್ಟಿಗೆ ಒಯ್ಯುವ ಆಸೆ ಎಲ್ಲರಿಗೂ ಬರುತ್ತೆ, ಅದಕ್ಕೇ ಚೀಟಿ. ಪೆಟ್ಟಿಗೆ ಒಂದೇ ಇರುವುದರಿಂದ ನಾಲ್ಕು ಕಡೆಗೆ ಸರದಿಯ ಮೇಲೆ ಹೊತ್ತು ತಿರುಗಬೇಕು, ಅದಕ್ಕೆ ಹುಡುಗರು ಇದ್ದಾರೆ. ಸಂಗೀತ ಇಲ್ಲದ ತಾಕಿಗೂ ಅಷ್ಟೇ ಸಲ ಹೋಗಿ ಬರಬೇಕು. ಇಲ್ಲದಿದ್ದರೆ ಅಣ್ಣಾಮಲೈನ ಗದ್ದೆಯ ಕಥೆಯೇ ಆಗುತ್ತೆ. ಪ್ರತಿ ಕೊಯ್ಲಿನ ಕಾಯಿಯನ್ನು ಸಂಘದ ತಕ್ಕಡಿಯಲ್ಲಿ ತೂಗಿ ಬರೆಯಬೇಕು. ತೂಗುವವರಿಗೆ ಯಾವ ಬುಟ್ಟಿ ಯಾವ ತಾಕಿನದು ಅಂತ ಗೊತ್ತಿರಬಾರದು, ಬುಟ್ಟಿಗೆ ಬರೀ ನಂಬರು.

ಮಾರಾಟಗಾರರಿಗೂ ಈ ವಿಷಯ ತಿಳಿಸಿ, ಅವರೂ ಬಂದು ನಿಂತು ನೋಡಲಿ. ಇಳುವರಿ ನಿಜಕ್ಕೂ ಹೆಚ್ಚಿದರೆ ಅರ್ಜಿಗಳು ಹೇಗೂ ಕಚೇರಿಯಲ್ಲಿ ಇವೆ, ಮಂಡಳಿ ಮತ್ತೆ ಕೈಗೆತ್ತಿಕೊಳ್ಳಲಿ. ಹೆಚ್ಚದಿದ್ದರೆ ಆ ಲೆಕ್ಕದ ಪುಸ್ತಕವನ್ನು ಪಕ್ಕದ ಊರಿನ ಸಂಘಗಳಿಗೂ ಕೊಡೋಣ.

ಕಾರ್ಯದರ್ಶಿಗಳು ತಕ್ಕಡಿ ಮತ್ತು ಒಂದು ದಪ್ಪ ನೋಟ್‌ಬುಕ್ ಕೊಡಲು ಒಪ್ಪಿದ್ದಾರೆ. ತಾಕು ಕೊಡುವವರು ಊಟ ಆದ ಮೇಲೆ ಕಚೇರಿಯಲ್ಲಿ ಹೆಸರು ಬರೆಸಿ. ಇನ್ನೂ ಆರು ಜನ ಬೇಕು, ಇಬ್ಬರು ಈಗಾಗಲೇ ಹೇಳಿದ್ದಾರೆ. ಸ್ಲೇಟು ಇಲ್ಲೇ ಮೇಜಿನ ಮೇಲೆ ಇರುತ್ತೆ, ಮಕ್ಕಳು ಊದಿ ಹಾರಿಸುವ ಮುಂಚೆ ಬಂದು ನೋಡಿಕೊಳ್ಳಿ.